ರಹದಾರಿಯೂ ಕಾದಂಬರಿಯೂ: ನೀಲಗಿರಿಯ ಕಡೆಯಿಂದ ಒಂದು ವಿಚಾರ

ಹೊಟ್ಟೆಪಾಡಿಗಾಗಿ ಹುಟ್ಟಿದ ಊರನ್ನು ಬಿಟ್ಟು ಹೋಗುವುದು ಮನುಷ್ಯನಿಗೆ ಹೊಸದಲ್ಲ. ಹೋಗುವವನ ಕೈಯಲ್ಲಿ ಒಂದು ಕಾಗದವಿರಬೇಕು, ಆ ಕಾಗದದಲ್ಲಿ ಇನ್ನೊಂದು ದೇಶದ ಅಪ್ಪಣೆಯಿರಬೇಕು ಎಂಬ ಕಟ್ಟು ಮಾತ್ರ ಇತ್ತೀಚಿನದು. ಹಿಂದಿನವರು ಇಂಥ ಕಾಗದವನ್ನು ರಹದಾರಿ ಎಂದರು. ಈಗ ಪಾಸ್‌ಪೋರ್ಟು, ವೀಸಾ ಎಂಬ ಮಾತುಗಳು ಹಳ್ಳಿಯ ಅಂಗಡಿಕಟ್ಟೆಯವರೆಗೂ ಬಂದಿವೆ. ದುಡಿಯಲು ಹೊರಟವನ ಬಾಳಿನಲ್ಲಿ ಈ ಕಾಗದಕ್ಕೆ ಇರುವ ಸ್ಥಾನ ನಮ್ಮ ಸಾಹಿತ್ಯದಲ್ಲಿ ಅದಕ್ಕೆ ದೊರೆತಿದೆಯೆ? ದೊರೆತಿದ್ದರೆ ಯಾರ ಕೃತಿಯಲ್ಲಿ, ಯಾವ ಬಗೆಯಲ್ಲಿ? ದೊರೆಯದಿದ್ದರೆ ಅದರಿಂದ ನಮಗಾದ ನಷ್ಟವೇನು? ಈ ಪ್ರಶ್ನೆಗಳನ್ನು ನೀಲಗಿರಿಯ ಕಡೆಯಿಂದ ನಿಂತು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಇದಕ್ಕೆ ಪ್ರೇರಣೆಯಾದುದು ಒಂದು ಸಣ್ಣ ಪ್ರಸಂಗ. ನಾವು ಪಾಠ ಹೇಳಿದ ಹುಡುಗನೊಬ್ಬ, ಗೂಡಲೂರಿನ ಕಡೆಯ ಚಹಾತೋಟದ ಲೈನು ಮನೆಯಲ್ಲಿ ಬೆಳೆದವನು, ಒಂದು ಸಂಜೆ ನಮ್ಮಲ್ಲಿಗೆ ಬಂದು ಜೇಬಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ಮುಂದಿಟ್ಟ. ಕೊಲ್ಲಿಯ ದೇಶವೊಂದರಲ್ಲಿ ಕೆಲಸ ಗೊತ್ತಾಗಿದೆಯೆಂದೂ ಇನ್ನು ಹತ್ತು ದಿನಕ್ಕೆ ವಿಮಾನವೆಂದೂ ಹೇಳಿದ. ಮಧ್ಯಸ್ಥನಿಗೆ ಹಣ ಕೊಡುವುದಕ್ಕಾಗಿ ತಾಯಿಯ ಓಲೆ ಆಗಲೇ ಅಡವಿಗೆ ಹೋಗಿತ್ತು. "ಮೇಷ್ಟ್ರೇ, ಇದರಲ್ಲಿ ಬರೆದಿರುವುದು ಸರಿಯಾಗಿದೆಯೇ, ಒಂದು ಸಲ ಓದಿ ಹೇಳಿ" ಎಂದ. ಓದಿದೆವು. ಅದು ದುಡಿಮೆಯ ವೀಸಾ ಆಗಿರಲಿಲ್ಲ. ಭೇಟಿಗೆಂದು ಕೊಡುವ, ಕೆಲವು ವಾರಗಳ ಅವಧಿಯ ವೀಸಾ. ಸಂಬಳಕ್ಕೆ ಕೆಲಸಮಾಡಕೂಡದೆಂದು ಅದರ ಅಡಿಯಲ್ಲಿಯೇ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ಅದನ್ನು ಬಿಡಿಸಿ ಹೇಳಿದಾಗ ಹುಡುಗ ತುಸು ಹೊತ್ತು ಸುಮ್ಮನಿದ್ದು, "ಹಾಗಾದರೆ ನಾನು ಅಲ್ಲಿಗೆ ನೆಂಟನಾಗಿ ಹೋಗಬೇಕೇ ಮೇಷ್ಟ್ರೇ?" ಎಂದು ಕೇಳಿದ.

ಆ ಮಾತು ನಮ್ಮನ್ನು ಬಿಡಲಿಲ್ಲ. ಪದ್ಯದ ಅನ್ವಯವನ್ನು ಈ ಹುಡುಗನಿಗೆ ಕಲಿಸಿದವರು ನಾವು. ವಿಗ್ರಹವಾಕ್ಯ ಹೇಳಿಸಿದವರು ನಾವು. ತನ್ನ ಬಾಳನ್ನೇ ಕಟ್ಟಿಹಾಕುವ ಹತ್ತು ಸಾಲುಗಳನ್ನು ಓದುವುದಕ್ಕೆ ಆ ಕಲಿಕೆ ಅವನಿಗೆ ನೆರವಾಗಲಿಲ್ಲ. ತಪ್ಪು ಅವನದೊಬ್ಬನದೇ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ನಾವು ಅವನಿಗೆ ಕೊಟ್ಟ ಪುಸ್ತಕಗಳಲ್ಲಿ, ಮೆಚ್ಚಿ ಪಾಠಮಾಡಿದ ಕಾದಂಬರಿಗಳಲ್ಲಿ, ಈ ಬಗೆಯ ಪ್ರಯಾಣದ ಚಿತ್ರ ಹೇಗೆ ಬಂದಿದೆ ಎಂಬುದನ್ನು ಮತ್ತೊಮ್ಮೆ ನೋಡಬೇಕೆಂದು ತೋರಿತು.

೧

ಮೊದಲು ಅಳತೆಗೋಲನ್ನು ಗೊತ್ತುಮಾಡಿಕೊಳ್ಳೋಣ. ದುಡಿಮೆಗಾಗಿ ದೂರ ಹೋದವನ ಕಥೆಯನ್ನು ಓದುವಾಗ ನಾವು ಮೂರು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ. ಅವನನ್ನು ಕರೆದವರು ಯಾರು? ಅವನ ಪ್ರಯಾಣದ ಸಾಲ ಯಾರ ಹೆಸರಿನಲ್ಲಿದೆ? ಹಿಂದಿರುಗುವ ದಾರಿ ತೆರೆದಿದೆಯೆ? ಈ ಮೂರಕ್ಕೂ ಉತ್ತರವನ್ನು ಕಾಣಿಸುವ ಕೃತಿ ವಲಸೆಯ ಸತ್ಯವನ್ನು ಹಿಡಿದಿದೆ ಎನ್ನಬಹುದು. ಬರಿಯ ಕಣ್ಣೀರನ್ನು ಕಾಣಿಸಿ ಈ ಮೂರನ್ನು ಮರೆಸುವ ಕೃತಿ ಎಷ್ಟೇ ಮನಮಿಡಿಯುವಂತಿದ್ದರೂ ಅರ್ಧ ಸತ್ಯವನ್ನು ಮಾತ್ರ ಹೇಳಿದೆ. ಇದು ಸಾಹಿತ್ಯದ ಹೊರಗಿನ ಅಳತೆ ಎಂದು ಕೆಲವರು ಆಕ್ಷೇಪಿಸಬಹುದು. ಪಾತ್ರ ಏಕೆ ಹಾಗೆ ನಡೆದುಕೊಂಡಿತೆಂಬುದನ್ನು ತಿಳಿಯದೆ ರಸವನ್ನು ತಿಳಿಯಲಾಗದು; ಈ ಪಾತ್ರಗಳ ವಿಷಯದಲ್ಲಿ ಆ 'ಏಕೆ' ಎಂಬುದು ಹೆಚ್ಚಾಗಿ ಲೆಕ್ಕದ ಪುಸ್ತಕದಲ್ಲಿಯೇ ಇರುತ್ತದೆ.

೨

ಈ ಪ್ರಶ್ನೆಗಳನ್ನು ಕೇಳುವುದಕ್ಕೆ ನೀಲಗಿರಿಗಿಂತ ತಕ್ಕ ನೆಲ ದೊರೆಯುವುದು ಕಷ್ಟ. ಇಲ್ಲಿಯ ಬಡಗರ ಹೆಸರೇ ವಲಸೆಯ ದಾಖಲೆಯಾಗಿದೆ. ಮೂಡಣ, ಪಡುವಣ, ತೆಂಕಣ, ಬಡಗಣ ಎಂದು ನಾವು ಹಳಗನ್ನಡ ಪಾಠದಲ್ಲಿ ಹೇಳಿಕೊಡುವ ಮಾತಿನಲ್ಲಿರುವ ಬಡಗು ಇದೇ. ಬಡಗಣಿಂದ, ಎಂದರೆ ಮೈಸೂರು ಸೀಮೆಯಿಂದ, ತಮ್ಮ ಹಿರಿಯರು ಬೆಟ್ಟವೇರಿ ಬಂದರೆಂದು ಬಡಗರ ಐತಿಹ್ಯಗಳು ಹೇಳುತ್ತವೆ. ೧೬೦೩ರಲ್ಲಿ ಮಲಬಾರಿನ ಕಡೆಯಿಂದ ಬೆಟ್ಟವೇರಿದ ಜೆಸ್ಯೂಟ್ ಪಾದ್ರಿ ಫೆನಿಚಿಯೋ ಇಲ್ಲಿ ಬಡಗರನ್ನು ಕಂಡುದಾಗಿ ಬರೆದಿದ್ದಾನೆ. ಅವರು ಬಂದಾಗ ಯಾರೂ ಕಾಗದ ಕೇಳಲಿಲ್ಲ. ತೊದವರು, ಕೋತರು, ಕುರುಂಬರು ಮೊದಲಾದವರೊಡನೆ ಕೊಡುಕೊಳೆಯ ಸಂಬಂಧ ಬೆಳೆಸಿಕೊಂಡು ಅವರು ನೆಲೆನಿಂತರು. ಕನ್ನಡಕ್ಕೆ ತೀರ ಹತ್ತಿರದ ಅವರ ನುಡಿ ಇಂದಿಗೂ ಹಟ್ಟಿಗಳಲ್ಲಿ ಉಳಿದಿದೆ.

ಕಾಗದವು ಬೆಟ್ಟಕ್ಕೆ ಬಂದುದು ತೋಟಗಳೊಡನೆ. ೧೭೯೯ರಲ್ಲಿ ಟೀಪುವಿನ ಪತನದ ತರುವಾಯ ನೀಲಗಿರಿ ಕಂಪೆನಿಯ ಕೈಸೇರಿತು. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ೧೮೧೯ರಲ್ಲಿ ಕೋತಗಿರಿಗೆ ಬಂದು, ಕೆಲವು ವರ್ಷಗಳಲ್ಲಿಯೇ ಉದಕಮಂಡಲದಲ್ಲಿ ಮನೆ ಕಟ್ಟಿಸಿದನು. ಆಮೇಲೆ ಕಾಫಿ, ಸಿಂಕೋನಾ, ಚಹಾ ಒಂದಾದ ಮೇಲೊಂದು ಬಂದವು. ತೋಟಕ್ಕೆ ಆಳು ಬೇಕಾಯಿತು. ನಡುವಟ್ಟಂ ಸಿಂಕೋನಾ ತೋಟಗಳಲ್ಲಿ ೧೮೬೦ರ ದಶಕದಲ್ಲಿ ದುಡಿದವರಲ್ಲಿ ಮಲಯ ಸೀಮೆಯ ಬ್ರಿಟಿಷ್ ಸೆರೆಮನೆಗಳಿಂದ ತಂದ ಚೀನೀ ಕೈದಿಗಳೂ ಇದ್ದರು. ಶಿಕ್ಷೆ ಮುಗಿದ ಮೇಲೆ ಅವರಲ್ಲಿ ಕೆಲವರು ತಮಿಳು ಹೆಣ್ಣುಮಕ್ಕಳನ್ನು ಮದುವೆಯಾಗಿ ನಡುವಟ್ಟಕ್ಕೂ ಗೂಡಲೂರಿಗೂ ನಡುವಣ ಇಳಿಜಾರಿನಲ್ಲಿ ನೆಲೆಸಿದುದನ್ನು ಎಡ್ಗರ್ ಥರ್ಸ್ಟನ್ ತನ್ನ ಜಾತಿ–ಬುಡಕಟ್ಟುಗಳ ಗ್ರಂಥದಲ್ಲಿ (೧೯೦೯) ದಾಖಲೆಮಾಡಿದ್ದಾನೆ. ನೀಲಗಿರಿಗೆ ಪರದೇಶದಿಂದ ದುಡಿಯಲು ಬಂದ ಆ ಮೊದಲಿನವರ ಕೈಯಲ್ಲಿದ್ದ ರಹದಾರಿ ಎಂದರೆ ನ್ಯಾಯಾಲಯದ ಶಿಕ್ಷೆಯ ಆಜ್ಞೆ!

ಹೆಚ್ಚಿನ ಆಳುಗಳು ಬಂದುದು ಕೊಯಮತ್ತೂರು ಕಡೆಯಿಂದಲೂ ಮೈಸೂರು ಸೀಮೆಯಿಂದಲೂ. ಮೈಸೂರು ಆಗ ಬೇರೆ ಸಂಸ್ಥಾನ. ಆದುದರಿಂದ ಗುಂಡ್ಲುಪೇಟೆಯ ಕಡೆಯ ಕೂಲಿಯವನು ಕೆಕ್ಕನಹಳ್ಳವನ್ನು ದಾಟಿ ಮಸಿನಗುಡಿಗೋ ಗೂಡಲೂರಿಗೋ ಬಂದರೆ ಒಂದು ಸರಕಾರದಿಂದ ಇನ್ನೊಂದು ಸರಕಾರಕ್ಕೆ ಬಂದಂತೆ. ಒಂದು ದಿನದ ನಡಿಗೆಯಲ್ಲಿ ಪರದೇಶ! ಅವನನ್ನು ಕರೆತರುತ್ತಿದ್ದವನು ಮೇಸ್ತ್ರಿ. ತೋಟದ ದೊರೆ ಮೇಸ್ತ್ರಿಗೆ ಮುಂಗಡ ಕೊಡುವನು. ಮೇಸ್ತ್ರಿ ಊರಿಗೆ ಹೋಗಿ ಆ ಮುಂಗಡವನ್ನು ಹಂಚಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವನು. ೧೮೫೯ರ ೧೩ನೆಯ ಶಾಸನದಂತೆ ಮುಂಗಡ ಪಡೆದು ಕೆಲಸ ಬಿಟ್ಟವನಿಗೆ ಮೂರು ತಿಂಗಳವರೆಗೆ ಸೆರೆವಾಸ ವಿಧಿಸಬಹುದಾಗಿತ್ತು. ತೋಟಗಾರರಿಗಾಗಿಯೇ ೧೯೦೩ರಲ್ಲಿ ಮದರಾಸು ಸರಕಾರ ಇನ್ನೊಂದು ಶಾಸನ ಮಾಡಿತು. ಹಳೆಯ ಶಾಸನವನ್ನು ತೆಗೆದುಹಾಕುವ ನಿರ್ಣಯವಾದುದು ೧೯೨೫ರಲ್ಲಿ. ಸಾಲ ಎಂಬುದು ಇಲ್ಲಿ ಬರಿಯ ಹಣದ ಮಾತಾಗಿರಲಿಲ್ಲ, ಬೇಡಿಯ ಮಾತಾಗಿತ್ತು.

ಕಡಲಾಚೆಯ ಲಂಕೆಯಲ್ಲಿ ಇದೇ ಪದ್ಧತಿ ಕಂಗಾಣಿಯ ಹೆಸರಿನಲ್ಲಿ ನಡೆಯಿತು. ಅಲ್ಲಿ 'ತುಂಡು' ಎಂಬ ಕಾಗದವೊಂದಿತ್ತು. ಕನ್ನಡಕ್ಕೂ ತಮಿಳಿಗೂ ಸಮಾನವಾದ ಮಾತು. ಈ ಕೂಲಿಗಳ ಸಾಲ ಇಷ್ಟಿದೆ, ಇಷ್ಟನ್ನು ತೀರಿಸಿದರೆ ಇವರನ್ನು ಬಿಟ್ಟುಕೊಡುತ್ತೇವೆ ಎಂದು ಒಂದು ತೋಟ ಇನ್ನೊಂದು ತೋಟಕ್ಕೆ ಬರೆದುಕೊಡುತ್ತಿದ್ದ ಚೀಟಿ ಅದು. ಆ ಚೀಟಿಯ ಮೇಲೆ ಮನುಷ್ಯರು ಕೈಬದಲಾಗುತ್ತಿದ್ದರು. ೧೯೨೧ರಲ್ಲಿ ಶಾಸನದ ಮೂಲಕ ಅದನ್ನು ನಿಲ್ಲಿಸಲಾಯಿತು. ೧೯೪೮ರಲ್ಲಿ ಲಂಕೆಯ ಪೌರತ್ವ ಶಾಸನ ಬಂದಾಗ ಅಲ್ಲಿಯೇ ಹುಟ್ಟಿ ಬೆಳೆದ ಲಕ್ಷಾಂತರ ತೋಟದ ಜನ ಯಾವ ದೇಶದವರೂ ಅಲ್ಲದೆ ಹೋದರು. ೧೯೬೪ರ ಅಕ್ಟೋಬರ್ ೩೦ರಂದು ಲಾಲಬಹಾದೂರ ಶಾಸ್ತ್ರಿಯವರಿಗೂ ಶ್ರೀಮತಿ ಸಿರಿಮಾವೋ ಬಂಡಾರನಾಯಕೆಯವರಿಗೂ ಆದ ಒಪ್ಪಂದದಲ್ಲಿ ೫,೨೫,೦೦೦ ಮಂದಿ ಭಾರತಕ್ಕೆ, ೩,೦೦,೦೦೦ ಮಂದಿ ಲಂಕೆಗೆ ಎಂದು ಗೊತ್ತಾಯಿತು. ಉಳಿದ ೧,೫೦,೦೦೦ ಮಂದಿಯನ್ನು ೧೯೭೪ರಲ್ಲಿ ಸರಿಪಾಲು ಹಂಚಿಕೊಂಡರು. ಹೀಗೆ ತಾವು ಎಂದೂ ಕಾಣದ ತಾಯ್ನಾಡಿಗೆ 'ಹಿಂದಿರುಗಿದ'ವರಿಗೆ ಕೆಲಸ ಕೊಡುವುದಕ್ಕಾಗಿ ತಮಿಳುನಾಡು ಸರಕಾರ ೧೯೬೮ರಲ್ಲಿ ನೀಲಗಿರಿಯಲ್ಲಿ ಚಹಾತೋಟ ಬೆಳೆಸಲು ತೊಡಗಿತು. ಟ್ಯಾನ್‌ಟೀ ಎಂದು ಇಂದು ಕರೆಯುವುದು ಅದನ್ನೇ. ಓಲೆಯನ್ನು ಅಡವಿಟ್ಟ ಹುಡುಗನ ಅಜ್ಜ ಇಂಥ ಒಂದು ಹಡಗಿನಲ್ಲಿ ಬಂದವನು. ಮೂರು ತಲೆಮಾರಿನಲ್ಲಿ ಮೂರು ಕಾಗದ: ಮುತ್ತಜ್ಜನಿಗೆ ತುಂಡು, ಅಜ್ಜನಿಗೆ ಒಪ್ಪಂದದ ಪಾಸ್‌ಪೋರ್ಟು, ಮೊಮ್ಮಗನಿಗೆ ಭೇಟಿಯ ವೀಸಾ.

೩

ಈ ಚರಿತ್ರೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಕಾದಂಬರಿಗಳಿಗೆ ಬರೋಣ. ಕನ್ನಡದಲ್ಲಿ ಮೊದಲು ನೆನಪಾಗುವುದು ಶಿವರಾಮ ಕಾರಂತರ 'ಚೋಮನ ದುಡಿ' (೧೯೩೩). ಬೇಸಾಯ ಮಾಡಬೇಕೆಂಬ ಹೊಲೆಯನೊಬ್ಬನ ಬಯಕೆಯ ದುರಂತವೆಂದೇ ಅದನ್ನು ನಾವು ಪಾಠಮಾಡುತ್ತ ಬಂದಿದ್ದೇವೆ. ಅದು ಸರಿಯೇ. ಆದರೆ ಆ ಕಥೆಯನ್ನು ನಡೆಸುವ ಚಕ್ರ ಬೇರೊಂದಿದೆ. ಅದು ಗಟ್ಟದ ಕಾಫಿತೋಟದ ಸಾಲ. ತೋಟದ ರೈಟರ್ ಮನ್ವೇಲ ಸಾಲ ಕೇಳಲು ಬರುತ್ತಾನೆ. ಸಾಲ ಚೋಮನದು; ದುಡಿಯಹೋಗುವವರು ಚನಿಯ, ಗುರುವ. ಚನಿಯ ಜ್ವರಕ್ಕೆ ತುತ್ತಾಗಿ ಸಾಯುತ್ತಾನೆ. ಗುರುವ ಮತ ಬದಲಿಸಿ ಅಲ್ಲಿಯೇ ನಿಲ್ಲುತ್ತಾನೆ. ಸಾಲ ನಿಂತಲ್ಲಿಯೇ ನಿಂತಿರುತ್ತದೆ. ಕಡೆಗೆ ಬೆಳ್ಳಿ ಹೋಗುತ್ತಾಳೆ. ಅವಳು ತೋಟದ ಒಡೆಯನಿಗೆ ಬಲಿಯಾದ ಮೇಲೆ ಸಾಲ ತೀರಿತೆಂದಾಗುತ್ತದೆ.

ನಮ್ಮ ಮೂರು ಪ್ರಶ್ನೆಗಳಿಗೂ ಇಲ್ಲಿ ಉತ್ತರವಿದೆ. ಕರೆದವನು ರೈಟರ್, ಸಾಲ ತಂದೆಯ ಹೆಸರಿನದು, ದುಡಿಮೆ ಮಕ್ಕಳದು, ಹಿಂದಿರುಗುವ ದಾರಿ ಒಬ್ಬನಿಗೆ ಸಾವು ಮುಚ್ಚಿತು, ಒಬ್ಬನಿಗೆ ಮತಾಂತರ ಮುಚ್ಚಿತು, ತೆರೆದುಕೊಂಡವಳಿಗೆ ಮಾನವೇ ಬೆಲೆಯಾಯಿತು. ಸಾಲ ತೀರಿತೆಂಬ ಸುದ್ದಿ ಮನೆಗೆ ಬರುವ ಕ್ಷಣವನ್ನು ಕಾರಂತರು ಅಬ್ಬರವಿಲ್ಲದೆ ಬರೆದಿದ್ದಾರೆ. ಯಾವ ನಾಣ್ಯದಲ್ಲಿ ತೀರಿತೆಂಬುದು ಓದುಗನಿಗೆ ಗೊತ್ತಿದೆ, ತಂದೆಗೆ ಗೊತ್ತಿಲ್ಲ. ಮುಂಗಡದ ಪದ್ಧತಿಯನ್ನು ಕುರಿತು ನೂರು ಪುಟದ ವರದಿ ಹೇಳಲಾರದುದನ್ನು ಈ ಒಂದು ಅಂತರ ಹೇಳುತ್ತದೆ. ಕೊರತೆಯೆಂದು ಹೇಳಬೇಕಾದರೆ ಇಷ್ಟೇ: ಕಥೆಯ ಕಣ್ಣು ಚೋಮನ ಗುಡಿಸಿಲಿನ ಕಡೆಗೇ ಹೆಚ್ಚು ತಿರುಗಿರುವುದರಿಂದ ತೋಟದ ದಿನದಿನದ ಬದುಕು, ಅಲ್ಲಿ ಹಾಜರಿ ಹೇಗೆ, ಲೆಕ್ಕ ಬರೆಯುವುದು ಹೇಗೆ ಎಂಬುದು ಹಿನ್ನೆಲೆಯ ಮಂಜಿನಲ್ಲಿ ಉಳಿಯುತ್ತದೆ. ಮನೆಯಲ್ಲಿ ಕಾದು ಕುಳಿತ ತಂದೆಗೆ ತೋಟ ಕಾಣುವುದೂ ಹಾಗೆಯೇ ಅಲ್ಲವೆ ಎಂದು ಕಾರಂತರ ಪರವಾಗಿ ಹೇಳಬಹುದು. ಆ ಸಮಾಧಾನವನ್ನು ನಾವು ಒಪ್ಪುತ್ತೇವೆ.

ಕುವೆಂಪು ಅವರ 'ಕಾನೂರು ಸುಬ್ಬಮ್ಮ ಹೆಗ್ಗಡಿತಿ' (೧೯೩೬), 'ಮಲೆಗಳಲ್ಲಿ ಮದುಮಗಳು' (೧೯೬೭) ಎರಡರಲ್ಲಿಯೂ ಗಟ್ಟದ ತಗ್ಗಿನಿಂದ ಮಲೆನಾಡಿಗೆ ಆಳುಗಳನ್ನು ತರುವ ಸೇರೆಗಾರ ಬರುತ್ತಾನೆ. ಮೊದಲನೆಯದರಲ್ಲಿ ರಂಗಪ್ಪಸೆಟ್ಟಿ, ಎರಡನೆಯದರಲ್ಲಿ ಚೀಂಕ್ರ. ನಮ್ಮ ಮೇಸ್ತ್ರಿ, ಲಂಕೆಯ ಕಂಗಾಣಿ, ಮಲೆನಾಡಿನ ಸೇರೆಗಾರ ಒಂದೇ ಗಿಡದ ಕೊಂಬೆಗಳು. ಕರೆದವನು ಯಾರೆಂಬ ಮೊದಲ ಪ್ರಶ್ನೆಗೆ ಕುವೆಂಪು ಅವರಷ್ಟು ಮುಖಾಮುಖಿಯಾದ ಉತ್ತರ ಕೊಟ್ಟವರು ಕನ್ನಡದಲ್ಲಿ ವಿರಳ. ಇದಕ್ಕಿಂತ ದೊಡ್ಡ ಗುಣ ಇನ್ನೊಂದಿದೆ. ಐತ–ಪೀಂಚಲು ದಂಪತಿಗಳ ಒಲುಮೆಗೆ ಒಡೆಯರ ಮನೆಯ ಪ್ರೇಮಕ್ಕೆ ಕೊಟ್ಟಷ್ಟೇ ಗೌರವವನ್ನು ಕುವೆಂಪು ಕೊಟ್ಟಿದ್ದಾರೆ. ದುಡಿಯಲು ಬಂದವನು ಬರಿಯ ಕೈಕಾಲಲ್ಲ, ಅವನಿಗೂ ಬೆಳುದಿಂಗಳು ಉಂಟು ಎಂದು ತೋರಿಸಿದುದು ಸಾಮಾನ್ಯ ಸಾಧನೆಯಲ್ಲ.

ಆದರೆ ಎರಡನೆಯ ಪ್ರಶ್ನೆಯಲ್ಲಿ ನಮಗೆ ತೃಪ್ತಿಯಾಗುವುದಿಲ್ಲ. ಚೀಂಕ್ರನ ಕೆಡುಕು ಎಷ್ಟು ಕಣ್ಣಿಗೆ ಕಟ್ಟುವಂತಿದೆಯೆಂದರೆ ಓದುಗನ ಸಿಟ್ಟೆಲ್ಲ ಅವನೊಬ್ಬನ ಮೇಲೆಯೇ ಹರಿದು ಮುಗಿಯುತ್ತದೆ. ಅವನ ಜಾಗದಲ್ಲಿ ಒಬ್ಬ ಸಜ್ಜನ ಸೇರೆಗಾರನಿದ್ದಿದ್ದರೆ ಆ ಆಳುಗಳ ಬಾಳು ಹಸನಾಗುತ್ತಿತ್ತೆ? ಆಗುತ್ತಿರಲಿಲ್ಲ, ಮುಂಗಡದ ಗಂಟು ಹಾಗೆಯೇ ಇರುತ್ತಿತ್ತು. ಕೆಟ್ಟ ಮನುಷ್ಯನನ್ನು ತೋರಿಸುವುದು ಕಾದಂಬರಿಗೆ ಸುಲಭ, ಕೆಟ್ಟ ಕಾಗದವನ್ನು ತೋರಿಸುವುದು ಕಷ್ಟ. ಕಾರಂತರ ಮನ್ವೇಲ ಹೋದರೆ ಇನ್ನೊಬ್ಬ ರೈಟರ್ ಬರುತ್ತಾನೆಂಬ ಭಾವನೆ ನಮ್ಮಲ್ಲಿ ಉಳಿಯುತ್ತದೆ. ಕುವೆಂಪು ಅವರ ಚೀಂಕ್ರ ಹೋದರೆ ಕಾಡು ಶುದ್ಧವಾಯಿತೆಂಬ ಭಾವನೆ ಉಳಿಯುತ್ತದೆ. ಈ ವ್ಯತ್ಯಾಸವನ್ನು ವಿದ್ಯಾರ್ಥಿಗಳ ಗಮನಕ್ಕೆ ತಂದರೆ ಎರಡು ಮಹಾಕೃತಿಗಳನ್ನೂ ಅವರು ಹೊಸದಾಗಿ ಓದಬಲ್ಲರು.

೪

ಗಡಿಯಲ್ಲಿರುವ ನಮಗೆ ನೆರೆಮನೆಯ ಪುಸ್ತಕಗಳೂ ಕೈಗೆಟಕುತ್ತವೆ. ತಮಿಳಿನಲ್ಲಿ ಪುದುಮೈಪಿತ್ತನ್ ೧೯೩೦ರ ದಶಕದಲ್ಲಿ ಬರೆದ 'ತುನ್ಬಕ್ಕೇಣಿ' ಎಂಬ ಕಥೆ ಲಂಕೆಯ ಚಹಾತೋಟಕ್ಕೆ ಹೋದ ಮರುದಿ ಎಂಬ ಹೆಣ್ಣಿನ ದುಃಖವನ್ನು ಹೇಳುತ್ತದೆ. ಅದಕ್ಕೂ ಮೊದಲು ಸುಬ್ರಹ್ಮಣ್ಯ ಭಾರತಿ ಫಿಜಿಯ ಕಬ್ಬಿನ ತೋಟದ ಹೆಂಗಸರಿಗಾಗಿ ಮರುಗಿ ಹಾಡಿದ್ದರು. ಬೆಳ್ಳಿಯನ್ನೂ ಮರುದಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಒಂದೇ ದಶಕದಲ್ಲಿ ಎರಡು ಭಾಷೆಯ ಇಬ್ಬರು ಲೇಖಕರು, ಒಬ್ಬರ ಕೃತಿಯನ್ನು ಇನ್ನೊಬ್ಬರು ಅನುಸರಿಸದೆ, ತೋಟವೆಂದರೆ ಹೆಣ್ಣು ತೆರುವ ಬೆಲೆ ಎಂಬ ಒಂದೇ ತೀರ್ಮಾನಕ್ಕೆ ಬಂದಿದ್ದಾರೆ. ಇಬ್ಬರು ಸಾಕ್ಷಿಗಳು ಬೇರೆಬೇರೆಯಾಗಿ ಒಂದೇ ಮಾತು ಹೇಳಿದಾಗ ನ್ಯಾಯಾಧೀಶ ನಂಬುವಂತೆ ನಾವೂ ನಂಬಬೇಕು.

ರಾಜಂ ಕೃಷ್ಣನ್ ಅವರ 'ಕುರಿಂಜಿತ್ತೇನ್' (೧೯೬೩) ನೀಲಗಿರಿಯ ಬಡಗರ ಬಾಳನ್ನೇ ವಸ್ತುವಾಗಿ ಉಳ್ಳ ತಮಿಳು ಕಾದಂಬರಿ. ಪತಿಯ ವಿದ್ಯುತ್ ಇಲಾಖೆಯ ಕೆಲಸದ ನಿಮಿತ್ತ ಈ ಬೆಟ್ಟದಲ್ಲಿದ್ದು ಹಟ್ಟಿಗಳನ್ನು ಕಣ್ಣಾರೆ ಕಂಡು ಬರೆದವರು ಆಕೆ. ರಾಗಿ, ಸಾಮೆ ಬೆಳೆಯುತ್ತಿದ್ದ ನೆಲಕ್ಕೆ ಚಹಾ ಬಂದಾಗ ಅಣ್ಣತಮ್ಮಂದಿರ ಮನಸ್ಸು ಹೇಗೆ ಒಡೆಯುತ್ತದೆ ಎಂಬುದನ್ನು ಆಕೆ ಸೂಕ್ಷ್ಮವಾಗಿ ತೋರಿಸಿದ್ದಾರೆ. ಕನ್ನಡಕ್ಕೆ ಇಷ್ಟು ಹತ್ತಿರದ ಜನರ ಕಥೆಯನ್ನು ತಮಿಳಿನ ಲೇಖಕಿ ಬರೆದರೆಂಬುದು ನಮಗೆ ಸಂತೋಷದ ಸಂಗತಿ, ಜೊತೆಗೆ ತುಸು ನಾಚಿಕೆಯ ಸಂಗತಿಯೂ ಹೌದು. ಇಲ್ಲಿ ಯಾರೂ ದೂರ ಹೋಗುವುದಿಲ್ಲ; ದೂರದ ಮಾರುಕಟ್ಟೆಯೇ ಹಟ್ಟಿಗೆ ಬರುತ್ತದೆ. ಆ ಮಾರುಕಟ್ಟೆ ಕೈಕೊಟ್ಟಾಗ ಏನಾಗುತ್ತದೆಂಬುದನ್ನು ೧೯೯೦ರ ದಶಕದ ಕೊನೆಯಿಂದ ಹಸಿರೆಲೆಯ ಬೆಲೆ ಕುಸಿದಾಗ ನಾವೇ ಕಂಡೆವು. ತುಂಡು ಹಿಡುವಳಿಯ ಚಹಾಗಾರರ ಮಕ್ಕಳು ಕೊಯಮತ್ತೂರು, ತಿರುಪ್ಪೂರು, ಬೆಂಗಳೂರು ಎಂದು ಇಳಿದುಹೋದರು. ಅವರು ಬಿಟ್ಟ ಎಲೆ ಕೊಯ್ಯಲು ಜಾರ್ಖಂಡದಿಂದ, ಅಸ್ಸಾಮಿನಿಂದ ಜನ ಬಂದರು. ಕರೆಸಿಕೊಂಡವರ ಮಕ್ಕಳು ಈಗ ಕರೆಯುವವರಾಗಿದ್ದಾರೆ. ಹೊಸದಾಗಿ ಬಂದವರ ಕೂಸುಗಳು ನಮ್ಮ ಶಾಲೆಗಳ ಹಿಂದಿನ ಬೆಂಚಿನಲ್ಲಿ ಮಾತು ತಿಳಿಯದೆ ಕುಳಿತಿವೆ. ಆ ಕೂಸುಗಳ ಕಾದಂಬರಿಯನ್ನು ಇನ್ನು ಯಾರಾದರೂ ಬರೆಯಬೇಕು.

ಮಲೆಯಾಳದಲ್ಲಿ ೨೦೦೮ರಲ್ಲಿ ಬಂದ ಬೆನ್ಯಾಮಿನ್ ಅವರ 'ಆಡುಜೀವಿತಂ' ಕಾಗದವನ್ನೇ ಕಥೆಯ ನಡುವಿಗೆ ತಂದ ಕೃತಿ. ನಜೀಬ್ ಎಂಬ ಬಡವ ಕೊಂಡುಕೊಂಡ ವೀಸಾ ಹಿಡಿದು ರಿಯಾದಿನ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಾನೆ. ಅವನನ್ನು ಕರೆದೊಯ್ಯುವವನು ಅವನ ಧಣಿಯೇ ಅಲ್ಲ. ಮರಳುಗಾಡಿನ ಆಡುದೊಡ್ಡಿಯಲ್ಲಿ ಸಂಬಳವಿಲ್ಲದೆ ವರ್ಷಗಟ್ಟಲೆ ಸೆರೆಯಾಳಾಗಿದ್ದು ಕಡೆಗೆ ಓಡಿಬಂದು ಜೈಲು ಸೇರುತ್ತಾನೆ. ಅಲ್ಲಿ ಆಳುಗಳನ್ನು ಗುರುತಿಸಲು ಬಂದ ಧಣಿ ಇವನ ಮುಂದೆ ನಿಂತು, ಇವನ ವೀಸಾ ತನ್ನದಲ್ಲವೆಂಬ ಒಂದೇ ಕಾರಣಕ್ಕೆ ಬಿಟ್ಟುಹೋಗುತ್ತಾನೆ. ಅವನನ್ನು ಕೆಡಿಸಿದುದೂ ಕಾಗದ, ಉಳಿಸಿದುದೂ ಕಾಗದ! ಕಾರಂತರ 'ಸಾಲ ತೀರಿತು' ಎಂಬ ಕ್ಷಣಕ್ಕೆ ಸಮನಾದ ಕ್ಷಣ ಇದು. ಇದರಲ್ಲಿಯೂ ದೋಷವಿಲ್ಲದಿಲ್ಲ, ಮರಳುಗಾಡಿನ ಭೀಕರತೆಯನ್ನು ಹಿಗ್ಗಿಸಿ ಹಿಗ್ಗಿಸಿ ಹೇಳುವಲ್ಲಿ ಊರಿನಲ್ಲಿ ವೀಸಾ ಮಾರಿದವರ ಹೊಣೆ ಓದುಗನ ಮನಸ್ಸಿನಿಂದ ಜಾರುತ್ತದೆ. ಆದರೂ ಮೂರು ಪ್ರಶ್ನೆಗಳಿಗೂ ಅದು ಎದೆಗೊಟ್ಟು ನಿಂತಿದೆ.

೫

ಇಷ್ಟನ್ನು ನೋಡಿ ಕನ್ನಡಕ್ಕೆ ಹಿಂದಿರುಗಿದರೆ ಒಂದು ಸಂಗತಿ ಎದ್ದುಕಾಣುತ್ತದೆ. ಪರದೇಶವನ್ನು ಕುರಿತ ಬರಹ ನಮ್ಮಲ್ಲಿ ಸಮೃದ್ಧವಾಗಿದೆ. ವಿ. ಕೃ. ಗೋಕಾಕರ 'ಸಮುದ್ರದಾಚೆಯಿಂದ', ಕಾರಂತರ 'ಅಪೂರ್ವ ಪಶ್ಚಿಮ', ಬಿ. ಜಿ. ಎಲ್. ಸ್ವಾಮಿಯವರ 'ಅಮೆರಿಕದಲ್ಲಿ ನಾನು', ೧೯೮೦ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಗೊರೂರರ 'ಅಮೆರಿಕದಲ್ಲಿ ಗೊರೂರು' — ಇವೆಲ್ಲ ನಮ್ಮ ಗದ್ಯಕ್ಕೆ ಹೊಸ ಕಣ್ಣು ಕೊಟ್ಟ ಪುಸ್ತಕಗಳು. ಆದರೆ ಈ ಲೇಖಕರು ಹೋದುದು ವಿದ್ಯೆಗೆ, ಆಹ್ವಾನಕ್ಕೆ, ಮಕ್ಕಳ ಮನೆಗೆ, ನೋಡುವ ಸಂತೋಷಕ್ಕೆ. ಬಾಗಿಲಲ್ಲಿ ಅವರಿಗೆ ಸಿಕ್ಕಿದುದು ಆತಿಥ್ಯ. ಆದುದರಿಂದ ರಹದಾರಿಯು ಅವರ ಬರಹದಲ್ಲಿ ಬಂದರೂ ಒಂದು ತಮಾಷೆಯ ತೊಡಕಾಗಿ ಬಂದು ಹೋಗುತ್ತದೆ. ಅದು ಅವರ ತಪ್ಪಲ್ಲ. ದುಡಿಯಹೋದವನ ಸಾಹಿತ್ಯ ಮಾತ್ರ ಈ ಸಮೃದ್ಧಿಯ ಮುಂದೆ ಬಡವಾಗಿದೆ. ಮಂಗಳೂರು, ಕಾಸರಗೋಡ ಕಡೆಯಿಂದ ಕೊಲ್ಲಿಗೆ ಹೋದವರು ಎಷ್ಟು ಮಂದಿ! ಹೋದವರಿಗೆ ಬರೆಯುವ ಬಿಡುವಿಲ್ಲ, ಬರೆಯುವವರಿಗೆ ಹೋಗುವ ಅಗತ್ಯವಿಲ್ಲ.

ಹುಡುಗನ ಪ್ರಶ್ನೆಯ ಅರ್ಥ ಈಗ ನಮಗೆ ಪೂರ್ತಿಯಾಗಿ ಹೊಳೆಯುತ್ತದೆ. "ನೆಂಟನಾಗಿ ಹೋಗಬೇಕೇ?" ಎಂದು ಕೇಳಿದಾಗ ಅವನು ತಿಳಿಯದೆಯೇ ನಮ್ಮ ಸಾಹಿತ್ಯದ ಎರಡು ಪ್ರಯಾಣಗಳ ಗಡಿಯನ್ನು ತೋರಿಸಿಕೊಟ್ಟಿದ್ದ. ಪರದೇಶಕ್ಕೆ ನೆಂಟನಾಗಿ ಹೋದವನ ಪುಸ್ತಕವನ್ನು ನಾವು ಅವನಿಗೆ ಓದಿಸಿದ್ದೆವು. ದುಡಿಯಹೋಗುವವನ ಪುಸ್ತಕ ಓದಿಸಿರಲಿಲ್ಲ. 'ಚೋಮನ ದುಡಿ'ಯನ್ನು ಓದಿಸಿದಾಗಲೂ ದುಡಿಯ ಸದ್ದನ್ನು ವರ್ಣಿಸಿ ಸಾಲದ ಲೆಕ್ಕವನ್ನು ಬಿಟ್ಟುಬಿಟ್ಟಿದ್ದೆವು.

ಕಾರಂತರ ಕಾದಂಬರಿಗೆ ಕೇಳಿದ ಮೂರು ಪ್ರಶ್ನೆಗಳನ್ನು ಅವನ ಹಾಳೆಗೂ ಕೇಳಿದೆವು. ಕರೆದವರು ಯಾರು? ಹಾಳೆಯಲ್ಲಿ ಕೆಲಸ ಕೊಡುವವನ ಹೆಸರೇ ಇರಲಿಲ್ಲ. ಸಾಲ ಯಾರದು? ತಾಯಿಯದು. ಹಿಂದಿರುಗುವ ದಾರಿ? ವೀಸಾದ ಅವಧಿ ಮೀರಿದ ದಿನದಿಂದ ಅವನು ಅಲ್ಲಿ ಅಪರಾಧಿ. ಸಂಬಳ ಕೊಡದಿದ್ದರೂ ದೂರು ಕೊಡುವಂತಿಲ್ಲ. ಮಧ್ಯಸ್ಥರು ಭೇಟಿಯ ವೀಸಾವನ್ನು ಆರಿಸುವುದಕ್ಕೆ ಕಾರಣವೂ ಇದೆ. ೧೯೮೩ರ ವಲಸೆ ಶಾಸನದ ಪ್ರಕಾರ ಹೊರದೇಶಕ್ಕೆ ಆಳು ಸೇರಿಸುವವನು ಸರಕಾರದಲ್ಲಿ ನೋಂದಾಯಿಸಿಕೊಂಡಿರಬೇಕು. ಅವನು ಕೆಲಸಗಾರನಿಂದ ಪಡೆಯಬಹುದಾದ ಶುಲ್ಕಕ್ಕೆ ಮೂವತ್ತು ಸಾವಿರ ರೂಪಾಯಿ ಮತ್ತು ಅದರ ಮೇಲಣ ತೆರಿಗೆ ಎಂದು ಮಿತಿಯಿಟ್ಟಿದೆ. ಹತ್ತನೆಯ ತರಗತಿ ತೇರ್ಗಡೆಯಾಗದವನು ಕೊಲ್ಲಿಯ ದೇಶಗಳಿಗೂ ಗೊತ್ತುಪಡಿಸಿದ ಇನ್ನು ಕೆಲವು ದೇಶಗಳಿಗೂ ದುಡಿಯಲು ಹೋಗುವ ಮುನ್ನ ವಲಸೆಗಾರರ ರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕು. ಆಗ ಕೆಲಸದ ಕರಾರನ್ನು, ಸಂಬಳವನ್ನು ತೋರಿಸಬೇಕಾಗುತ್ತದೆ. ನೆಂಟನ ವೇಷ ಹಾಕಿಸಿದರೆ ಇದೊಂದನ್ನೂ ತೋರಿಸಬೇಕಾಗಿಲ್ಲ. ರಕ್ಷಣೆಗೆಂದು ಕಟ್ಟಿದ ಬೇಲಿಯನ್ನು ಹುಡುಗನ ಕೈಯಿಂದಲೇ ದಾಟಿಸುವ ಉಪಾಯ ಇದು.

ಇಲ್ಲಿ ಉಪಾಧ್ಯಾಯರಾದ ನಮಗೆ ತಾಗುವ ಮಾತೊಂದಿದೆ. ಹತ್ತನೆಯ ತರಗತಿಯ ಅಂಕಪಟ್ಟಿಯಿದ್ದವನ ಪಾಸ್‌ಪೋರ್ಟು ಒಂದು ಬಗೆ, ಇಲ್ಲದವನದು ಇನ್ನೊಂದು ಬಗೆ. ನಮ್ಮ ಹುಡುಗ ಗಣಿತವೊಂದರಲ್ಲಿ ನಿಂತುಹೋಗಿದ್ದ. ಮತ್ತೆ ಕಟ್ಟು ಎಂದು ಅವನ ಮನೆಗೆ ಹೋಗಿ ಹೇಳಿದವರು ನಮ್ಮಲ್ಲಿ ಯಾರೂ ಇರಲಿಲ್ಲ. ನಾವು ಬರಿಯ ಪರೀಕ್ಷೆಯ ಫಲಿತಾಂಶವೆಂದು ತಿಳಿದು ಮೂಲೆಗೆ ಹಾಕುವ ಪಟ್ಟಿಯೇ ಗಡಿಯ ಬಾಗಿಲಲ್ಲಿ ರಹದಾರಿಯಾಗಿ ನಿಲ್ಲುತ್ತದೆ. ಹಾಗೆಂದು ಅಂಕಪಟ್ಟಿಯಿದ್ದವನು ಮೋಸಹೋಗುವುದಿಲ್ಲವೆಂದಲ್ಲ. ಓದು ಬಲ್ಲವನಿಗೂ ಓದುವ ಅಭ್ಯಾಸ ಬೇಕು. ಯಾರು ಹೇಳುತ್ತಿದ್ದಾರೆ, ಯಾರಿಗೆ ಹೇಳುತ್ತಿದ್ದಾರೆ, ಏನನ್ನು ಹೇಳದೆ ಬಿಟ್ಟಿದ್ದಾರೆ ಎಂದು ಕೇಳುತ್ತ ಓದುವುದೇ ವಿಮರ್ಶೆ. ಕಾವ್ಯಕ್ಕೆ ಒಂದು ಓದು, ಕರಾರಿಗೆ ಒಂದು ಓದು ಎಂದು ಎರಡಿಲ್ಲ. ಬೆಳ್ಳಿಯ ಮೌನವನ್ನು ಓದಲು ಕಲಿತವನು ವೀಸಾದ ಸಣ್ಣ ಅಕ್ಷರವನ್ನೂ ಓದಬಲ್ಲನು. ಕಲಿಸುವವರು ನಾವು ಹಾಗೆ ಕಲಿಸಬೇಕಷ್ಟೆ.

ಹಾಗಾದರೆ ಸಂಘದ ಬಂಧುಗಳಲ್ಲಿ ನಮ್ಮ ವಿನಂತಿ ಎರಡು. ತೋಟದ ಲೈನುಗಳಲ್ಲಿ, ಹಟ್ಟಿಗಳಲ್ಲಿ ಹಳೆಯ ತುಂಡು, ಕರಾರು, ಲಂಕೆಯ ಪಾಸ್‌ಪೋರ್ಟುಗಳನ್ನು ಪೆಟ್ಟಿಗೆಯ ತಳದಲ್ಲಿ ಇಟ್ಟುಕೊಂಡ ಮನೆಗಳಿವೆ. ಮಕ್ಕಳ ಮೂಲಕ ಅವುಗಳ ನಕಲನ್ನೂ, ಅವುಗಳ ಹಿಂದಿನ ಕಥೆಯನ್ನೂ, ಮನೆಯವರು ಒಪ್ಪಿದಷ್ಟು ಮಟ್ಟಿಗೆ ಬರೆಸಿ ಸಂಗ್ರಹಿಸೋಣ. ಶಾಸನಗಳನ್ನು ಪ್ರತಿಮಾಡುವ ಶ್ರದ್ಧೆಯಿಂದಲೇ ಇವನ್ನೂ ಪ್ರತಿಮಾಡಬೇಕು, ಇವೂ ಶಾಸನಗಳೇ. ಎರಡನೆಯದಾಗಿ, ವಲಸೆಯ ಕಥೆ ಬಂದ ಪಾಠವನ್ನು ಕಲಿಸುವಾಗ ಮೂರು ಪ್ರಶ್ನೆಗಳನ್ನು ಕರಿಹಲಗೆಯ ಮೇಲೆ ಬರೆದು ತೊಡಗೋಣ.

ಆ ಹುಡುಗ ವಿಮಾನ ಹತ್ತಲಿಲ್ಲ. ಕೊಟ್ಟ ಹಣದಲ್ಲಿ ಅರ್ಧ ಮಾತ್ರ ಹಿಂದೆ ಬಂತು. ತಾಯಿಯ ಓಲೆ ಇನ್ನೂ ಬಿಡಿಸಿಕೊಂಡು ಬಂದಿಲ್ಲ. ಈಗ ಕೊಯಮತ್ತೂರಿನಲ್ಲಿ ದುಡಿಯುತ್ತ ರಾತ್ರಿ ಹೊತ್ತು ಗಣಿತದ ಲೆಕ್ಕಗಳನ್ನು ಮಾಡುತ್ತಿದ್ದಾನೆ. ಭಾನುವಾರ ಬಂದಾಗ ನಮ್ಮ ಮನೆಯ ಜಗಲಿಯ ಮೇಲೆ ಕುಳಿತು ತಪ್ಪಿದ ಲೆಕ್ಕವನ್ನು ತೋರಿಸಿ ತಿದ್ದಿಸಿಕೊಂಡು ಹೋಗುತ್ತಾನೆ. ಪರದೇಶಕ್ಕೆ ಹೋಗುವ ಆಸೆಯನ್ನು ಅವನು ಬಿಟ್ಟಿಲ್ಲ. ಬಿಡು ಎಂದು ನಾವೂ ಹೇಳಿಲ್ಲ. ಹೋಗುವುದಾದರೆ ದುಡಿಯುವವನಾಗಿಯೇ, ತನ್ನ ಹೆಸರಿನ ಕರಾರನ್ನು ತಾನೇ ಓದಿ, ಹಿಂದಿರುಗುವ ದಾರಿಯನ್ನು ನೋಡಿಕೊಂಡು ಹೋಗಲಿ ಎಂಬುದಷ್ಟೇ ನಮ್ಮ ಹಾರೈಕೆ.